ಶ್ರಾವಣದಲ್ಲಿ ಇಳಿದ ತೂಕ

ಶಹಾಪುರದ ಕಿರಾಣಿ ಅಂಗಡಿ ಲಿಂಗಣ್ಣನ ಹೆಂಡತಿ ಗುರುದೇವಿಗೆ ತನ್ನ ದಪ್ಪ ಮೈಯ ಬಗ್ಗೆ ನಾಚಿಕೆ ಇರಲಿಲ್ಲ, ಸಿಟ್ಟಿತ್ತು. ಅಂಗಡಿಯ ಮೇಲೆಯೇ ಮನೆ. ಮೆಟ್ಟಿಲು ಹತ್ತುವಾಗ ನಡುವೆ ಕೂತು ಏದುಸಿರು ಬಿಡಬೇಕು. ಉಪ್ಪು, ಹುಣಸೆಗೆ ಬಂದವರೆಲ್ಲ ಪುಕ್ಕಟೆ ಸಲಹೆ ಕೊಟ್ಟು ಹೋಗುತ್ತಿದ್ದರು. ಎಲ್ಲ ಮಾಡಿ ಸೋತವಳಿಗೆ ಕಲಬುರಗಿಯ ಡಾಕ್ಟರು, ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡುವ ಆಪರೇಷನ್ ಇದೆ ಎಂದಾಗ ಹೋದ ಜೀವ ಬಂದಂತಾಯಿತು.

ವಿಮೆ ಇತ್ತು. ಅದನ್ನು ಮಾಡಿಸುವಾಗ ಏಜೆಂಟ್ ರಂಗಣ್ಣ, "ವೈನಿ, ಸಕ್ಕರಿ ಬ್ಯಾನಿ ಅದ ಅಂತ ಹೇಳಬ್ಯಾಡ್ರಿ, ಸುಮ್ನ ತಕರಾರು" ಎಂದಿದ್ದ.

"ಇದ್ದದ್ದು ಇಲ್ಲ ಅನ್ನಾಕ ನಾ ಏನ್ ಕಳವು ಮಾಡೀನೇನು? ಬರಿಯೋ ಮಾರಾಯ" ಎಂದು ಗದರಿಸಿ ಬರೆಸಿದ್ದಳು.

ಮೊದಲೇ ಇದ್ದ ಕಾಯಿಲೆ ಎಂದು ಕಂಪನಿಯವರು ಸಕ್ಕರೆಗೆ ಮೂರು ವರ್ಷದ ವಾಯಿದೆ ಹಾಕಿದರು; ಅಲ್ಲಿಯವರೆಗೆ ಅದರ ಹೆಸರಿನಲ್ಲಿ ಖರ್ಚು ಕೇಳುವಂತಿಲ್ಲ. ಅದರಲ್ಲಿ ಇನ್ನೂ ಒಂದು ವರ್ಷ ಬಾಕಿ. ಚಿಂತೆ ಬೇಡ ಎಂದರು ಡಾಕ್ಟರು. ಎತ್ತರಕ್ಕೂ ತೂಕಕ್ಕೂ ತಾಳೆ ಹಾಕಿ ಒಂದು ಅಂಕಿ ತೆಗೆಯುತ್ತಾರೆ. ಅದು ನಲವತ್ತು ದಾಟಿದರೆ ಬೇರೆ ರೋಗದ ಗೊಡವೆಯಿಲ್ಲದೆ ಕಂಪನಿ ಖರ್ಚು ಕೊಡುತ್ತದೆ. ಗುರುದೇವಿಯದು ನಲವತ್ತೊಂದು. ಜನ್ಮದಲ್ಲಿ ಮೊದಲ ಸಲ ಆಕೆಗೆ ತನ್ನ ತೂಕದ ಮೇಲೆ ಅಭಿಮಾನ ಹುಟ್ಟಿತು.

"ಶ್ರಾವಣದಾಗ ಕತ್ತರಿ ಬ್ಯಾಡವ್ವ, ಅಮಾಸಿ ಆದಮ್ಯಾಲ ಹೋಗ್ರಿ" ಎಂದಳು ಅತ್ತೆ ಅನ್ನಮ್ಮ. ಅತ್ತೆಯ ಮಾತು ಮೀರುವುದುಂಟೆ? ಆಪರೇಷನ್ ಸುಸೂತ್ರವಾಗಲಿ ಎಂದು ಗುರುದೇವಿ ತಿಂಗಳಿಡೀ ಒಪ್ಪತ್ತು ಹಿಡಿದಳು. ಸೋಮವಾರ ಬರೀ ಹಾಲು, ಹಣ್ಣು. ಓಣಿಯೆಲ್ಲ ಮೆಚ್ಚಿತು. ಶಿವನೂ ಮೆಚ್ಚಿದನೋ ಏನೋ, ಲೆಕ್ಕ ಮಾತ್ರ ತಪ್ಪಿತು.

ಆಸ್ಪತ್ರೆಯಲ್ಲಿ ವಿಮೆಯ ಕೆಲಸ ನೋಡುವ ಸುಮಲತಾ ಮತ್ತೆ ತೂಕ ಮಾಡಿಸಿ ಹುಬ್ಬು ಗಂಟಿಕ್ಕಿದಳು. "ಅಕ್ಕಾರ, ಮೂವತ್ತೆಂಟಕ್ಕ ಇಳದದಲ್ರಿ! ಏನ್ ಮಾಡಿದ್ರಿ?"

"ಶ್ರಾವಣ ಮಾಡೀನಿ."

"ನಲವತ್ತರ ಕೆಳಗ ಬಂದ್ರ ಜೋಡಿ ಇನ್ನೊಂದು ದೊಡ್ಡ ಬ್ಯಾನಿ ತೋರಸಬೇಕ್ರಿ. ನಿಮ್ಮ ಸಕ್ಕರಿದು ವಾಯಿದಿ ಇನ್ನಾ ಮುಗದಿಲ್ಲ."

ಲಿಂಗಣ್ಣ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ: "ನಾಳಿ ಬರೂಣು. ಅಂಗಡ್ಯಾಗಿನ ಐದು ಕೆಜಿ ಕಲ್ಲು ಸೀರಿ ಒಳಗ ನಡಕ್ಕ ಕಟ್ಕೊ." ತಕ್ಕಡಿಯಲ್ಲಿ ಎಂದೂ ಒಂದು ಗುಂಜಿ ಮೋಸ ಮಾಡದ ಮನುಷ್ಯನ ಬಾಯಲ್ಲಿ ಈ ಮಾತು! ಗುರುದೇವಿ ನಕ್ಕಳು, ನಗುತ್ತಲೇ ಅತ್ತಳು. ಇನ್ನೊಂದು ವರ್ಷ ಹೀಗೇ ಬದುಕುವುದು ಅವಳಿಂದ ಆಗದ ಮಾತು.

ಸುಮಲತಾಗೆ ಪಾಪ ಎನಿಸಿತು. "ಬ್ಯಾರೆ ಏನರ ತ್ರಾಸ ಅದೇನ್ರಿ? ಇತ್ತಿತ್ಲಾಗ ಸುರು ಆದದ್ದು?"

"ಮೊಣಕಾಲು ಬಿಟ್ರ ಏನಿಲ್ರಿ."

ಲಿಂಗಣ್ಣ ಕೆಮ್ಮಿದ. ಹೆಂಡತಿಯ ಗೊರಕೆಯ ಸುದ್ದಿಯನ್ನು ಪರರ ಮುಂದೆ ಎತ್ತುವುದು ಆ ಕಡೆ ಮರ್ಯಾದಸ್ಥರ ಲಕ್ಷಣವಲ್ಲ. ಮನೆಯಲ್ಲಿ ಅನ್ನಮ್ಮ ಕೂಡ ಕೇಳಿಸದವಳಂತೆ ಇದ್ದುಬಿಡುತ್ತಿದ್ದಳು. ಅವನು ನೆಲ ನೋಡುತ್ತ ಹೇಳಿದ.

"ಗೊರಕಿ ಹೊಡೀತಾಳ್ರಿ. ಹೊಡದ್ರ ಚಲೋನ, ನಡುನಡುವ ಉಸಿರ ನಿಂತುಬಿಡ್ತದ. ಭುಜ ಹಿಡದು ಅಲಗಾಡಸ್ತೀನಿ, ಮತ್ತ ಸುರು ಆಗ್ತದ. ಹೋದ ದೀಪಾವಳಿಯಿಂದ ಹಿಂಗ ಅದರಿ."

ಗುರುದೇವಿಯ ಅಳು ಗಕ್ಕನೆ ನಿಂತಿತು. "ದಿನಾ ಎಚ್ಚರ ಇರ್ತೀರೇನು? ಮತ್ತ ನೀವು ಯಾವಾಗ ಮಲಗ್ತೀರಿ?"

"ಗಿರಾಕಿ ಇಲ್ಲದಾಗ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮಲಗೂದ ಬಿಡ್ತಿದ್ದಿ."

ಆಕೆಗೆ ಗಂಡನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟೇ ಪ್ರೀತಿಯೂ ಉಕ್ಕಿತು.

ಸುಮಲತಾ ಆಗಲೇ ಡಾಕ್ಟರಿಗೆ ಫೋನು ಹಚ್ಚಿದ್ದಳು. ಅವರು ಗುರುದೇವಿಯನ್ನು ಆಸ್ಪತ್ರೆಯಲ್ಲೇ ಮಲಗಿಸಿ, ನಿದ್ದೆಯಲ್ಲಿ ಉಸಿರು ಹೇಗೆ ನಡೆಯುತ್ತದೆ ಎಂದು ಪರೀಕ್ಷೆ ಮಾಡಿದರು. ರೋಗ ಸಣ್ಣದಲ್ಲ, ತೂಕದ ಜೊತೆಗೆ ತೋರಿಸಲು ಸಾಕಾಗುವಷ್ಟು ದೊಡ್ಡದು; ಅದೂ ವಿಮೆ ಮಾಡಿಸಿದ ಮೇಲೆ ಬಂದದ್ದು. ಮೊದಲೇ ಇದ್ದದ್ದಲ್ಲ, ಹಾಗಾಗಿ ವಾಯಿದೆಯೂ ಇಲ್ಲ. ಇದ್ದದ್ದನ್ನು ಬಚ್ಚಿಡದೆ ಬರೆಸಿದವಳ ಮಾತನ್ನು ಕಂಪನಿಯೂ ನಂಬಿತು. ಕೆಲವೇ ದಿನಗಳಲ್ಲಿ ಒಪ್ಪಿಗೆ ಬಂತು, ಆಪರೇಷನ್ನಿಗೆ ದಿನ ಗೊತ್ತಾಯಿತು. ಅಲ್ಲಿಯವರೆಗೆ ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಮೂಗಿಗೆ ಹಾಕಿಕೊಂಡು ಮಲಗಲು ಗಾಳಿಯ ಯಂತ್ರವೊಂದನ್ನು ಕೊಟ್ಟು ಕಳಿಸಿದರು.

ಯಂತ್ರ ಮನೆಗೆ ತಂದ ಮರುದಿನ ಬೆಳಿಗ್ಗೆ ಹೊತ್ತೇರಿದರೂ ಲಿಂಗಣ್ಣನ ಅಂಗಡಿ ತೆರೆಯಲಿಲ್ಲ. ಊರಿಗೆ ಇದು ಹೊಸದು. ಹಾಲು, ಚಹಾಪುಡಿಗೆ ಬಂದವರು ಬಾಗಿಲು ಬಡಿಯತೊಡಗಿದರು. ಗುರುದೇವಿ ಒಂದೊಂದೇ ಮೆಟ್ಟಿಲು ಇಳಿದು ಬಂದು ಬಾಯಿಗೆ ಬೆರಳಿಟ್ಟಳು.

"ಸಪ್ಪಳ ಮಾಡಬ್ಯಾಡ್ರಿ. ನಮ್ಮ ಮನಿಯವರು ಮಲ್ಕೊಂಡಾರ. ಅವರು ಏಳೂತನ ಅಂಗಡಿ ತೆಗ್ಯಾಂಗಿಲ್ಲ."