ಅಪ್ಪನ ಕುರ್ಚಿ

ನಮ್ಮ ಊರು ಪಕ್ಕದ ಊರಿನಿಂದ ಬೇರೆಯಾಗಿ ಪುರಸಭೆ ಆದಾಗ ಮೊದಲ ಕಂಬ ನೆಟ್ಟವರಲ್ಲಿ ನನ್ನ ಅಪ್ಪನೂ ಒಬ್ಬ. ಅದಕ್ಕೇ ಪ್ರತಿ ಸ್ಥಾಪನೆಯ ದಿನ ವೇದಿಕೆಯಲ್ಲಿ ಮೇಯರ್ ಪಕ್ಕದ ಕುರ್ಚಿ ನಮ್ಮ ಮನೆಗೆ ಮೀಸಲು. ಈ ಸಲ ಚುನಾವಣೆ ಹತ್ತಿರವಿತ್ತು. ಮೇಯರ್ ನೆಸ್ಟೋರಿಯೋಗೆ ಎದುರು ನಿಂತವನು ನನ್ನ ಮಗ ಅನ್ಸೆಲ್ಮೋ. ಚರ್ಚಿನಲ್ಲಿ ಅವನಿಗೆ ಹೆಸರಿಡುವಾಗ ಎತ್ತಿಕೊಂಡ ಧರ್ಮತಂದೆಯೂ ಆ ನೆಸ್ಟೋರಿಯೋನೇ; ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು 'ಕುಂಪಾರೆ' ಎಂದೇ.

"ಅಪ್ಪ, ಹೊಟ್ಟೆನೋವು ಅಂತ ಹೇಳಿ ಮನೇಲೇ ಇದ್ಬಿಡು," ಅಂದ ಮಗ.

"ಅದು ನಿನ್ನಜ್ಜನ ಕುರ್ಚಿ ಕಣೋ, ಮೇಯರ್‌ದಲ್ಲ. ಸುಮ್ನೆ ಕೂತು ಬರ್ತೀನಿ."

ಆ ದಿನ ವೇದಿಕೆಯಲ್ಲಿ ಬ್ಯಾಂಡು ನಿಂತ ಕೂಡಲೇ ಪಕ್ಕದಲ್ಲಿ ಕೂತಿದ್ದ ನೆಸ್ಟೋರಿಯೋ ನನ್ನ ಮಣಿಕಟ್ಟು ಹಿಡಿದ. "ಏಳಿ ಕುಂಪಾರೆ, ಜನಕ್ಕೆ ಮುಖ ತೋರ್ಸಿ. ಹೆದರ್ಬೇಡಿ, ನಿಮ್ಮ ಹುಡುಗನ್ನ ಬಯ್ಯಲ್ಲ," ಎಂದು ನಕ್ಕ.

ಎದ್ದೆ. ಅವನು ನನ್ನ ಕೈಯನ್ನು ತನ್ನ ಕೈಯೊಂದಿಗೆ ಮೇಲೆತ್ತಿದ. ನಮ್ಮಲ್ಲಿ ಹಾಗೆ ಕೈ ಎತ್ತಿದರೆ, ನನ್ನ ಬೆಂಬಲ ಇವನಿಗೇ ಎಂದು ಊರಿಗೆಲ್ಲ ಸಾರಿದಂತೆ. ಜನ ಚಪ್ಪಾಳೆ ತಟ್ಟಿದರು.

ಕೈ ಬಿಡಿಸಿಕೊಳ್ಳಲು ನೋಡಿದೆ, ಹಿಡಿತ ಬಿಗಿಯಾಯಿತು. ಕಿತ್ತಾಡಿದರೆ ಅಪ್ಪ ಕಟ್ಟಿದ ಊರಿನ ದಿನದಂದೇ, ಅಪ್ಪನ ಕುರ್ಚಿಯ ಮುಂದೆಯೇ ಜಗಳ. ಮಾವಿನ ಮರದ ಕೆಳಗೆ ನಿಂತಿದ್ದ ಅನ್ಸೆಲ್ಮೋ ನನ್ನನ್ನೇ ನೋಡುತ್ತಿದ್ದ. ಆಮೇಲೆ ತನ್ನ ಹೆಸರಿದ್ದ ಟೋಪಿ ತೆಗೆದು, ಬೆನ್ನು ತಿರುಗಿಸಿ ನಡೆದ. ಆಗಲೂ ನನ್ನ ಕೈ ಮೇಲೆಯೇ ಇತ್ತು.