ಅರ್ಧ ಪುಟದ ಸುತ್ತೋಲೆ

ಗವಿಸಿದ್ದಯ್ಯನವರ ತಲೆ ಮೂರನೆಯ ಸಲ ಎಡಕ್ಕೆ ವಾಲಿತು. ಮರಿಯಪ್ಪ ಅದನ್ನು ನೆಟ್ಟಗೆ ಮಾಡಿ, ಹಣೆಯ ಮೇಲಿಂದ ಬಿಳಿ ಬಟ್ಟೆಯ ಪಟ್ಟಿ ಸುತ್ತಿ ಹಿಂದಿನ ಮರದ ಚೌಕಟ್ಟಿಗೆ ಬಿಗಿದ. ಆ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ ಮೆರವಣಿಗೆ ಮಾಡಿ, ಕೂತಂತೆಯೇ ಸಮಾಧಿ ಮಾಡುತ್ತಾರೆ. ವಿಭೂತಿ ಬಳಿಸಿಕೊಂಡು, ಹಾರ ಹಾಕಿಸಿಕೊಂಡು ಮಾಜಿ ಶಾಸಕರು ಇನ್ನೇನು ಭಾಷಣಕ್ಕೆ ಏಳುವವರಂತೆ ಕೂತಿದ್ದರು.

ಕೇಳಲು ಜನ ಮಾತ್ರ ಇರಲಿಲ್ಲ. ನೆಂಟರೂ ಸೇರಿ ಅಂಗಳದಲ್ಲಿ ನಲವತ್ತು ಮಂದಿ. ಎರಡು ಸಲ ಗೆದ್ದು ಮೂರು ಸಲ ಸೋತವರ ಸಾವಿಗೆ ಅಷ್ಟು ಬಂದದ್ದೇ ಹೆಚ್ಚು. ಮೂವತ್ತು ವರ್ಷ ಅವರ ಬೆನ್ನಿಗೇ ಓಡಾಡಿದ ಮರಿಯಪ್ಪನಿಗೆ ಇದು ಸಹಿಸಲಾಗಲಿಲ್ಲ. ಬೆಳಿಗ್ಗೆಯೇ ಕಲ್ಲುಬಾವಿದೊಡ್ಡಿಯ ಶಾಲೆಗೆ ಹೇಳಿ ಕಳಿಸಿದ್ದ: ಹನ್ನೊಂದಕ್ಕೆ ಸಾಹೇಬರನ್ನು ಕೂರಿಸಿದ ತೆರೆದ ವ್ಯಾನು ಆ ದಾರಿಯಲ್ಲಿ ಬರುತ್ತದೆ, ಮಕ್ಕಳೆಲ್ಲ ಹೂ ಹಿಡಿದು ರಸ್ತೆಯ ಎರಡೂ ಬದಿ ನಿಂತಿರಬೇಕು.

ಅದಕ್ಕೇ ಹೆಡ್‌ಮಾಸ್ಟರ್ ಮುನಿಶಾಮಯ್ಯ ಮೊಪೆಡ್ ಏರಿ ಬಂದಿದ್ದರು.

“ಮಕ್ಳನ್ನ ಬಿಸಿಲಲ್ಲಿ ನಿಲ್ಲಿಸೋ ಹಂಗಿಲ್ಲ ಮರಿಯಪ್ಪ. ಸುತ್ತೋಲೆ ಐತೆ.”

“ಯಾವನ್ರೀ ತಂದಿದ್ದು ಅದ್ನ?”

“ಸಾಹೇಬ್ರೇ.” ಮೇಷ್ಟ್ರು ಕೂತವರ ಕಡೆ ಕಣ್ಣಲ್ಲೇ ತೋರಿಸಿದರು.

ಮರಿಯಪ್ಪ ಹಣೆಪಟ್ಟಿಯ ಗಂಟನ್ನು ಇನ್ನೊಮ್ಮೆ ಬಿಗಿದ. “ಅದು ಬದುಕಿರೋ ಮಂತ್ರಿಗಳಿಗೆ ಕಣ್ರೀ ಮೇಷ್ಟ್ರೇ. ಸತ್ತೋರ ಸುದ್ದಿ ಎಲ್ಲಿ ಬರ್ದವ್ರೆ?”

“ಯಾರಿಗೂ ನಿಲ್ಲಿಸಬಾರದು ಅಂತ ಬರ್ದವ್ರೆ. ಅಮ್ಮಾವ್ರು ಹೇಳ್ಲಿ, ನಿಲ್ಲಿಸ್ತೀನಿ. ಬಂದದ್ದು ಬರ್ಲಿ.”

ಮಾತು ಗವಿಸಿದ್ದಯ್ಯನವರ ಹೆಂಡತಿ ವಿಮಲಮ್ಮನ ಮುಂದೆ ಬಂತು. ಅವರಿಗೂ ಆಸೆಯಿತ್ತು. ಗಂಡ ಖಾಲಿ ರಸ್ತೆಯಲ್ಲಿ ಹೋಗುವುದನ್ನು ಅವರು ನೋಡಲಾರರು. ಸೋತವರು ಎಂದು ಜನ ಆಡಿಕೊಳ್ಳುವುದು ಇವತ್ತಾದರೂ ಬೇಡವಾಗಿತ್ತು.

“ಮಕ್ಳಿಲ್ದಿದ್ರೆ ರಸ್ತೇಲಿ ನಾಯೀನೂ ಇರಕಿಲ್ಲ ಅಮ್ಮಾವ್ರೇ,” ಎಂದ ಮರಿಯಪ್ಪ.

“ಒಸಿ ತಡಿ ಮರಿಯಪ್ಪ.” ವಿಮಲಮ್ಮ ಗೋಡೆಯ ಮೇಲೆ ಗಾಜು ಹಾಕಿಸಿ ತೂಗುಬಿಟ್ಟಿದ್ದ ಹಳದಿಯಾದ ಕಾಗದವನ್ನು ನೋಡಿದರು.

*

೧೯೭೮ರ ಮೊದಲ ಗೆಲುವು. ಕೆಂಗಲ್ ಆಂಜನೇಯನಿಗೆ ಕೈಮುಗಿದು ಹೊರಟ ತೆರೆದ ಜೀಪು ಊರೂರಲ್ಲಿ ಹಾರಕ್ಕೆ ನಿಂತು ನಿಂತು ಸಾಗಿತು. ಎಂಟಕ್ಕೆ ಬರಬೇಕಿದ್ದವರು ಕಲ್ಲುಬಾವಿದೊಡ್ಡಿ ತಲುಪಿದ್ದು ಹನ್ನೆರಡೂವರೆಗೆ. ಶಾಲೆಯ ಮಕ್ಕಳು ನಿಂತೇ ಇದ್ದರು. ಆರತಿ ತಟ್ಟೆ ಹಿಡಿದಿದ್ದ ಏಳನೇ ಕ್ಲಾಸಿನ ಚಿನ್ನಮ್ಮ ಜೀಪಿನ ಮುಂದೆಯೇ ಕುಸಿದು ಬಿದ್ದಳು.

ಅವಳಪ್ಪ ಗಂಗಯ್ಯ ಮರುದಿನವೇ ಶಾಲೆ ಬಿಡಿಸಿದ. ಗವಿಸಿದ್ದಯ್ಯ ಮೂರು ಸಲ ಅವನ ಮನೆಗೆ ಹೋದರು. ಮೂರನೆಯ ಸಲ ವಿಮಲಮ್ಮನನ್ನೂ ಕರೆದೊಯ್ದರು. ಗಂಗಯ್ಯ ರೇಷ್ಮೆಹುಳುಗಳಿಗೆ ಸೊಪ್ಪು ಹರಡುತ್ತಲೇ ಹೇಳಿದ: “ಓದ್ಲಿ ಅಂತ ಕಳಿಸಿದ್ದೆ ಸ್ವಾಮಿ, ನಿಮ್ಗೆ ಕಾಯ್ಲಿ ಅಂತಲ್ಲ. ಇಲ್ಲೂ ಕೆಲ್ಸ ಐತೆ. ಮನೇಲೇ ಇರ್ಲಿ.”

ಹುಡುಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅವಳಿಗೆ ಹೋಗುವ ಆಸೆಯಿತ್ತೆಂದು ವಿಮಲಮ್ಮನಿಗೆ ಗೊತ್ತಾಯಿತು.

ಆಮೇಲೆ ಗವಿಸಿದ್ದಯ್ಯ ಸದನದಲ್ಲಿ ಎದ್ದಾಗಲೆಲ್ಲ ಒಂದೇ ಪ್ರಶ್ನೆ: ನಮ್ಮ ಸ್ವಾಗತಕ್ಕೆ ಮಕ್ಕಳು ಯಾಕೆ? ಸದನ ನಗುತ್ತಿತ್ತು, ಅವರ ಪಕ್ಷದವರೇ ಜೋರಾಗಿ ನಗುತ್ತಿದ್ದರು. ನಾಲ್ಕು ವರ್ಷ ಪೀಡಿಸಿದ ಮೇಲೆ ಇಲಾಖೆ ಅರ್ಧ ಪುಟದ ಸುತ್ತೋಲೆ ಹೊರಡಿಸಿತು. ಮುಂದೆ ಅವರು ಶಿಕ್ಷಣ ಸಮಿತಿಯಲ್ಲಿ ಕೂತರು, ಹೆಣ್ಣುಮಕ್ಕಳ ಹಾಸ್ಟೆಲು ತಂದರು, ಮರದಡಿಯ ಶಾಲೆಗಳಿಗೆ ಸೂರು ಹಾಕಿಸಿದರು. ಗೋಡೆಗೆ ಏರಿದ್ದು ಮಾತ್ರ ಈ ಅರ್ಧ ಪುಟ. ಚಿನ್ನಮ್ಮ ಮತ್ತೆ ಶಾಲೆಯೊಳಗೆ ಕಾಲಿಟ್ಟದ್ದು ಇಪ್ಪತ್ತೈದು ವರ್ಷದ ಮೇಲೆ, ಬಿಸಿಯೂಟ ಬೇಯಿಸಲು.

*

“ಬೇಡ,” ಎಂದರು ವಿಮಲಮ್ಮ. “ಹೋಗಿ ಪಾಠ ಮಾಡಿ ಮೇಷ್ಟ್ರೇ. ಇವ್ರು ಖಾಲಿ ರಸ್ತೇಲೇ ಹೋಗ್ಲಿ.”

ಹೇಳಿದ ಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ಬೆಳಗಿನಿಂದ ಅವರು ಅತ್ತದ್ದು ಅದೇ ಮೊದಲು.

ರಸ್ತೆ ಖಾಲಿಯೇ ಇತ್ತು. ಪೂಜೆ ಮುಗಿದು ಹೊರಡುವುದು ತಡವಾಗಿ, ವ್ಯಾನು ಕಲ್ಲುಬಾವಿದೊಡ್ಡಿ ತಲುಪಿದಾಗ ಈ ಸಲವೂ ಹನ್ನೆರಡೂವರೆ. ಮರಿಯಪ್ಪ ತಲೆ ತಗ್ಗಿಸಿ ಮುಂದೆ ನಡೆಯುತ್ತಿದ್ದ. ಶಾಲೆಯೊಳಗೆ ಹದಿಮೂರರ ಮಗ್ಗಿ ನಡೆದಿತ್ತು. ಹದಿಮೂರು ಏಳಲೆಗೆ ಎಡವಿ ಮಕ್ಕಳು ಮತ್ತೆ ಮೊದಲಿಂದ ಶುರುಮಾಡಿದರು.

ಗೇಟಿನ ಹೊರಗೆ ಒಬ್ಬಳೇ ಹೆಂಗಸು ನಿಂತಿದ್ದಳು. ಸೆರಗಿಗೆ ಮಸಿ, ಕೈಯಲ್ಲಿ ನಾಲ್ಕು ಕಣಗಲೆ ಹೂ. ಎರಡು ಹೆಜ್ಜೆ ಪಕ್ಕದಲ್ಲೇ ಹೊಂಗೆಮರದ ನೆರಳಿತ್ತು. ವ್ಯಾನಿನಲ್ಲಿ ಗಂಡನ ಪಕ್ಕ ಕೂತಿದ್ದ ವಿಮಲಮ್ಮ ನಿಲ್ಲಿಸಲು ಹೇಳಿದರು.

“ನೆರಳಿಗೆ ಬಾ ಚಿನ್ನಮ್ಮ.”

“ಇರ್ಲಿ ಬುಡಿ ಅಮ್ಮಾವ್ರೇ. ಇವತ್ತು ಯಾರೂ ನಿಲ್ಲು ಅಂದಿಲ್ಲ, ನಾನೇ ನಿಂತಿವ್ನಿ.”

ಅವಳು ಕತ್ತೆತ್ತಿ ಕೂತವರನ್ನು ನೋಡಿದಳು. “ಅವತ್ತೂ ಹಿಂಗೇ ಕುಂತ್ಕಂಡು ಬಂದಿದ್ರು,” ಎಂದು ಹೂವನ್ನು ಅವರ ಕಾಲ ಬಳಿ ಇಟ್ಟಳು.

ವ್ಯಾನು ಹೊರಟಿತು. ಶಾಲೆಯ ಊಟದ ಗಂಟೆ ಹೊಡೆಯಿತು. ಕೆರೆ ಏರಿಯ ತಿರುವಿನಲ್ಲಿ ವ್ಯಾನು ಮರೆಯಾಗುವವರೆಗೆ ಚಿನ್ನಮ್ಮ ಬಿಸಿಲಿನಲ್ಲೇ ನಿಂತಿದ್ದಳು. ಅವಳ ಹಿಂದೆ, ಜಗಲಿಯ ನೆರಳಿನಲ್ಲಿ, ಮಕ್ಕಳು ಮುಂದೆ ತಟ್ಟೆ ಇಟ್ಟುಕೊಂಡು ಎರಡು ಸಾಲಾಗಿ ಕೂತಿದ್ದರು.