ಭಾನುವಾರದ ಪುಟಕ್ಕೆ ಹೋಗದ ಮಾತು

ನೀವು ಮಾತಾಡುತ್ತಿರುವಾಗ ಅವನ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಹತ್ತಿಳಿಯತೊಡಗಿತೆಂದರೆ, ನಿಮ್ಮ ಮಾತು ಪತ್ರಿಕೆಯ ಭಾನುವಾರದ ಪುಟಕ್ಕೆ ಹೋಯಿತೆಂದೇ ತಿಳಿಯಬೇಕು. ಎಷ್ಟು ಸಾಲಾದೀತೆಂದು ಅವನು ಅಳೆಯುತ್ತಿದ್ದ ರೀತಿ ಅದು. ಮಾತು ಮುಗಿದ ಮೇಲೆ ಮುಖವರಳಿಸಿ, "ಒಂದೂವರೆ ಕಾಲಂ ಆಗುತ್ತೆ, ನೋಡಿ" ಎನ್ನುತ್ತಿದ್ದ. ಅದಕ್ಕೇ ನಮ್ಮ ಅಚ್ಚುಮನೆಯಲ್ಲಿ ಅವನಿಗೆ 'ಒಂದೂವರೆ' ಎಂದೇ ಹೆಸರು.

ನಾನು ಶಾಲೆಯ ಮೆಟ್ಟಿಲಿಗಿಂತ ಅಚ್ಚುಮೊಳೆಗಳ ಪೆಟ್ಟಿಗೆಯನ್ನೇ ಹೆಚ್ಚು ಕಂಡವನು. ಸೀಸದ ಅಕ್ಷರಗಳನ್ನು ತಲೆಕೆಳಗಾಗಿ ಜೋಡಿಸುತ್ತಲೇ ಓದು ಕಲಿತೆ, ಯಾರ ಹಂಗೂ ಇಲ್ಲದೆ ಕಲಿತೆ. ಯಾರ ಬರಹ ಗಟ್ಟಿ, ಯಾರದು ಜೊಳ್ಳು ಎಂಬುದು ನನ್ನ ಬೆರಳಿಗೇ ಗೊತ್ತು. ಅವನದು ಗಟ್ಟಿಕಾಳು. ಯಾವ ಪತ್ರಿಕೆಗೂ ಸಂಬಳದ ಆಳಾಗದೆ, ಎದುರುಗಾಳಿಗೆ ತಲೆಕೊಟ್ಟವನಂತೆ ಮುಂದಕ್ಕೆ ಬಾಗಿ ನಡೆಯುತ್ತ, ಒಳಗಿನವೂ ಹೊರಗಿನವೂ ಸೇರಿ ಏಳು ಜೇಬುಗಳಿದ್ದ ಆ ಕಂದು ಕೋಟಿನಲ್ಲಿ ಏಳು ಪತ್ರಿಕೆಗಳ ಬರಹ ತುಂಬಿಕೊಂಡು, ಕಚೇರಿಯಿಂದ ಕಚೇರಿಗೆ ಮೂವತ್ತು ವರ್ಷ ತಿರುಗಿದ. ಹೊಸಬರು ಸಿಕ್ಕರೆ ಬುದ್ಧಿ ಹೇಳದೆ ಬಿಡುತ್ತಿರಲಿಲ್ಲ: "ಸಂಪಾದಕರು ಹಸಿದಿದ್ದಾಗ ಬರಹ ಕೊಡ್ಬೇಡ. ಕೇಳಿದ್ದಕ್ಕಿಂತ ನಾಲ್ಕು ಸಾಲು ಕಮ್ಮಿ ಬರಿ, ಕತ್ತರಿ ನಿನ್ನ ಕೈಯಲ್ಲೇ ಇರುತ್ತೆ. ವಿಷಯ ಹುಡುಕ್ಕೊಂಡು ಊರೆಲ್ಲ ಅಲೀಬೇಡ, ಮನೇಲೇ ಬಿದ್ದಿರುತ್ತೆ."

ಈ ಕೊನೆಯ ಮಾತೇ ಅವನ ಮನೆಗೆ ಮುಳುವಾಯಿತು.

ಭಾವಮೈದುನನ ಗೊರಕೆ ಹಾಸ್ಯಲೇಖನವಾಯಿತು. ಆ ಮನುಷ್ಯ ಮತ್ತೆ ಅವರ ಹೊಸ್ತಿಲು ತುಳಿಯಲಿಲ್ಲ. ಮಗಳು ಗಣಿತದಲ್ಲಿ ನಪಾಸಾಗಿ, ಬಚ್ಚಲ ಬಾಗಿಲು ಹಾಕಿಕೊಂಡು ಅತ್ತದ್ದು 'ಅಳುವಿನ ಲೆಕ್ಕ' ಎಂಬ ಹೆಸರಿನಲ್ಲಿ ಬಂತು. ಅದರ ಮೊಳೆ ಜೋಡಿಸಿದವನು ನಾನೇ, ನಗುತ್ತ ಜೋಡಿಸಿದೆ. ಸೋಮವಾರ ತರಗತಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರಂತೆ. ಅಲ್ಲಿಂದಾಚೆಗೆ ಆ ಹುಡುಗಿ ಅಪ್ಪನ ಮುಂದೆ "ಊಟಕ್ಕೆ ಬನ್ನಿ" ಎಂಬುದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ. ಅವನ ಹೆಂಡತಿ ಮಾತ್ರ, ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದ ಆ ಸಮಾಧಾನದ ಹೆಂಗಸು, "ಹೋಗ್ಲಿ ಬಿಡಿ ಅಣ್ಣ, ಅವರಿಗೆ ಅದೊಂದು ಚಟ" ಎಂದು ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಅವಳೂ ಮಾತನ್ನು ಅಳೆದು ಬಡಿಸಲು ಕಲಿತದ್ದು ನನ್ನ ಕಣ್ಣಿಗೆ ಬಿತ್ತು; ಅವನ ಕಣ್ಣಿಗೆ ಬೀಳಲಿಲ್ಲ.

ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಕುಸಿದಳು. ಆಸ್ಪತ್ರೆಗೆ ನಾನೂ ಜೊತೆಯಲ್ಲಿ ಹೋದೆ. ಎದೆಯಲ್ಲಿ ಗಂಟು; ಎಂಟು ತಿಂಗಳಿಂದ ಇತ್ತಂತೆ. ಡಾಕ್ಟರಮ್ಮ ಸಿಡುಕಿದರು: "ಏನಮ್ಮ, ಇಷ್ಟು ದಿನ ಗಂಡನಿಗೂ ಹೇಳದೆ ಇಟ್ಕೊಂಡಿದ್ರಾ?"

"ಹೇಳಿದ್ರೆ ಭಾನುವಾರ ಊರಿಗೆಲ್ಲ ಹಂಚಿಬಿಡ್ತಿದ್ರು" ಎಂದಳು.

ತಮಾಷೆಯೆಂದು ತಿಳಿದು ಡಾಕ್ಟರಮ್ಮ ನಕ್ಕರು. ಅವಳೂ ನಕ್ಕಳು. ಅವನ ಹೆಬ್ಬೆರಳು ಮೊದಲ ಗೆಣ್ಣಿನ ಮೇಲೆ ನಿಂತಲ್ಲೇ ನಿಂತಿತ್ತು.

ಗುಣವಾಗುವ ಹೊತ್ತು ಮೀರಿತ್ತು. ಉಳಿದ ದಿನಗಳಲ್ಲಿ ಅವನಿಗೆ ಬೇಕಾಗಿದ್ದದ್ದು ಒಂದೇ: ಹೋಗುವ ಮುನ್ನ ಅವಳು ತನ್ನೊಡನೆ ಮನಸ್ಸು ಬಿಚ್ಚಿ ಮಾತಾಡಬೇಕು. "ನಿನ್ನ ವಿಷಯ ಇನ್ನು ಒಂದಕ್ಷರ ಬರಿಯಲ್ಲ ಕಣೇ" ಎಂದು ಆಣೆ ಮಾಡಿದ. "ನೀವಾ? ಸರಿ ಸರಿ" ಎಂದು ಅವಳು ಗೋಡೆಯ ಕಡೆ ತಿರುಗಿದಳು. ಮರುದಿನವೇ ಪೆನ್ನುಗಳನ್ನೆಲ್ಲ ತಂದು ನನ್ನ ಮೇಜಿನ ಖಾನೆಗೆ ಸುರಿದು ಹೋದ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ, ಎರಡೂ ಅಂಗೈಗಳನ್ನು ತೊಡೆಯಡಿ ಹಾಕಿಕೊಂಡು, ಬೈಸಿಕೊಂಡ ಮಗುವಿನಂತೆ ಕುಳಿತಿರುತ್ತಿದ್ದ. ಹಾಲು, ಔಷಧಿ, ಕಿಟಕಿ. ಇದರಾಚೆಗೆ ಅವಳು ಮಾತಾಡಲಿಲ್ಲ. ಹೀಗೆ ಐದು ವಾರ.

ಒಂದು ಮಧ್ಯಾಹ್ನ ನಾನು ಹಣ್ಣು ಹಿಡಿದು ಅವರ ಮನೆಗೆ ಹೋದಾಗ ಬಾಗಿಲು ಅರೆತೆರೆದಿತ್ತು. ಅವಳು ಮಾತಾಡುತ್ತಿದ್ದಳು, ಸಣ್ಣ ದನಿಯಲ್ಲಿ, ಬಿಡುವಿಲ್ಲದೆ, ನಡುನಡುವೆ ನಗುತ್ತ. ನನ್ನನ್ನು ಕಂಡವನು ಕೂತಲ್ಲಿಂದಲೇ ತಲೆಯಾಡಿಸಿ, ಹೋಗು ಎಂದು ಸನ್ನೆ ಮಾಡಿದ. ನಾನು ಮೆಟ್ಟಿಲಿಳಿದು ಬೀದಿಯಲ್ಲಿ ಕಿಟಕಿಯ ಕೆಳಗೆ ನಿಂತೆ. ಮಾತು ಕೇಳಿಸಲಿಲ್ಲ, ದನಿ ಮಾತ್ರ ಕೇಳಿಸುತ್ತಿತ್ತು. ಹೊತ್ತಿಳಿಯುವವರೆಗೂ ಅದು ನಿಲ್ಲಲಿಲ್ಲ. ನಾಲ್ಕನೆಯ ದಿನ ಅವಳು ಹೋದಳು.

ಸಂಪಾದಕರು ಕಪ್ಪು ಅಂಚಿನ ಪೂರ್ತಿ ಪುಟ ತೆಗೆದಿರಿಸಿ, ಬರೆದುಕೊಡಿ ಎಂದು ಹೇಳಿಕಳಿಸಿದರು. "ಆಗಲ್ಲ" ಎಂದಷ್ಟೇ ಹೇಳಿದ. ಆಮೇಲೆ ಅವನು ಬರೆದದ್ದೆಲ್ಲ ಹೊಲಿಗೆಯಂತ್ರ, ನೀರಿನ ಪಂಪುಗಳ ಜೊತೆ ಕೊಡುವ ಕೈಪಿಡಿಗಳನ್ನು ಮಾತ್ರ.

ವರ್ಷ ಕಳೆದು, ಒಂದು ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಹೇಳಿದ: "ನೋಡಯ್ಯ, ಬರೆದಿಟ್ಟಿದ್ದು ಬಿಟ್ರೆ ನಂಗೆ ಯಾವ್ದೂ ನೆನಪಿರಲ್ಲ. ಮೂವತ್ತು ವರ್ಷದಿಂದ ಹಾಗೇ ಆಗಿಹೋಗಿದೆ. ಅವಳು ಆವತ್ತು ಹೇಳಿದ್ದು ದಿನಕ್ಕೊಂದು ಮಾತು ಜಾರ್ತಾ ಇದೆ. ನಡುವಿಂದು ಹೋಯ್ತು. ಶುರು ಇದೆ, ಕೊನೆ ಸ್ವಲ್ಪ ಇದೆ."

"ಒಂದು ಚೀಟಿಲಿ ಬರೆದಿಟ್ಕೊಳ್ಳೋ. ಯಾರು ನೋಡ್ತಾರೆ?" ಎಂದೆ.

"ಆಣೆ ಮಾಡಿದೀನಲ್ಲ" ಎಂದ.

ಬರಹವನ್ನೇ ನಂಬಿ ಬದುಕುವವರನ್ನು ಜನ ಮನೆಯ ಮಾತು ಮಾರುವವರೆಂದು ಜರೆಯುತ್ತಾರೆ. ಅವರ ಅಕ್ಷರಕ್ಕೆ ಮಸಿ ಬಳಿದ ನಾನೂ ಒಳಗೊಳಗೇ ಜರೆದವನೇ. ಈಗ ಹಾಗೆನ್ನಿಸುವುದಿಲ್ಲ. ಕೈಯಿಂದಲ್ಲದೆ ಬೇರೆ ಯಾವುದರಿಂದಲೂ ಏನನ್ನೂ ಹಿಡಿದಿಟ್ಟುಕೊಳ್ಳಲು ಬಾರದ ಬಡಪಾಯಿಗಳು ಇವರು. ಬರೆದರೆ ಇರುವವರು ದೂರವಾಗುತ್ತಾರೆ, ಬರೆಯದಿದ್ದರೆ ಹೋದವರು ಅಳಿಸಿಹೋಗುತ್ತಾರೆ. ಹೆಚ್ಚಿನವರು ಬರೆದೇ ಬದುಕುತ್ತಾರೆ. ಬರೆಯದೆ, ಹೆಂಡತಿಯನ್ನು ದಿನಕ್ಕೊಂದು ಮಾತಿನಂತೆ ಕಳೆದುಕೊಳ್ಳುತ್ತ, ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನೆ ಕುಳಿತವನನ್ನು ನಾನು ಇವನೊಬ್ಬನನ್ನೇ ಕಂಡದ್ದು.